ಕಣ್ಣಿಗೆ ಕಾಣದ ಬಿಸಿ: ಬ್ಯಾಡಗಿಯ ಅಂಗಡಿ, ಗಿರಣಿ, ಶೀತಲಗೃಹಗಳ ಪ್ಯಾನೆಲ್ ಬೋರ್ಡ್ ನೋಡೋರು ಯಾರು?

ಬ್ಯಾಡಗಿ: ಬ್ಯಾಡಗಿಯಲ್ಲಿ ಬೆಂಕಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 2024ರ ಮಾರ್ಚ್ 11. ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಅವತ್ತು ಎಪಿಎಂಸಿ ಕಚೇರಿಗೆ, ನಿಂತಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಅದು ಎಲ್ಲರ ಕಣ್ಣೆದುರು ಜನ ಹಚ್ಚಿದ ಬೆಂಕಿ. ಇಲ್ಲಿ ಹೇಳಹೊರಟಿರೋದು ಯಾರೂ ಹಚ್ಚದ, ಹತ್ತುವ ತನಕ ಯಾರ ಕಣ್ಣಿಗೂ ಬೀಳದ ಬೆಂಕಿಯ ವಿಚಾರ. ಮರುದಿನ ಪತ್ರಿಕೆಯ ಮೂಲೆಯಲ್ಲಿ ‘ಶಾರ್ಟ್ ಸರ್ಕ್ಯೂಟ್ ಶಂಕೆ’ ಅಂತ ಒಂದು ಸಾಲಿನಲ್ಲಿ ಮುಗಿದುಹೋಗುವ ಬೆಂಕಿ.

ಆ ಒಂದು ಸಾಲು ಬಹಳ ಸಂಗತಿ ಮುಚ್ಚಿಡುತ್ತೆ. ಶಾರ್ಟ್ ಸರ್ಕ್ಯೂಟ್ ಅನ್ನೋದು ಕೊನೆಯ ಕ್ಷಣದ ಘಟನೆ. ಅದಕ್ಕೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೊದಲೇ ಮೇನ್ ಸ್ವಿಚ್ಚಿನ ಒಂದು ತಿರುಪು ಸಡಿಲಾಗಿರುತ್ತೆ, ಅಲ್ಲೊಂದು ಜಾಯಿಂಟ್ ದಿನಾ ಕಾಯ್ತಾ ಇರುತ್ತೆ, ವೈರಿನ ಮೇಲಿನ ಪ್ಲಾಸ್ಟಿಕ್ಕು ಗಟ್ಟಿಯಾಗಿ, ಕಪ್ಪಾಗಿ, ಬಿರುಕು ಬಿಡ್ತಾ ಇರುತ್ತೆ. ಅಷ್ಟೂ ದಿನ ಅಂಗಡಿ ಎಂದಿನಂತೆ ತೆಗೀತಾರೆ, ದೀಪ ಹತ್ತುತ್ತೆ, ಫ್ಯಾನ್ ತಿರುಗುತ್ತೆ. ಯಾರಿಗೂ ಅನುಮಾನ ಬರಲ್ಲ.

ಈ ಕಾಯೋದನ್ನ ಮುಂಚೆಯೇ ನೋಡಬಹುದು. ಅದಕ್ಕೆ ಥರ್ಮಲ್ ಕ್ಯಾಮೆರಾ ಅನ್ನೋ ಉಪಕರಣ ಇದೆ. ದೊಡ್ಡ ಕಾರ್ಖಾನೆಗಳು, ಕೆಪಿಟಿಸಿಎಲ್ ಉಪಕೇಂದ್ರಗಳು ಇದನ್ನ ಹೊಸದೇನೂ ಅಲ್ಲ ಅನ್ನುವಷ್ಟು ಮಾಮೂಲಿಯಾಗಿ ಬಳಸ್ತಾ ಬಂದಿವೆ. ಉಪಕೇಂದ್ರದ ಸಿಬ್ಬಂದಿ ‘ಹಾಟ್ ಸ್ಪಾಟ್’ ಅಂತ ಕರೆಯೋದು ಇದರಲ್ಲಿ ಕಂಡ ಬಿಸಿ ಜಾಗವನ್ನೇ. ತಾಲ್ಲೂಕು ಮಟ್ಟದ ಅಂಗಡಿ, ಖಾರದ ಪುಡಿ ಗಿರಣಿ, ಗೋದಾಮುಗಳ ತನಕ ಮಾತ್ರ ಈ ಅಭ್ಯಾಸ ಇಳಿದು ಬಂದಿಲ್ಲ. ಬಿಸಿಲು ಏರುವ ಹೊತ್ತಿಗೇ ಸುಗ್ಗಿಯ ಮಾಲು ತುಂಬಿ, ಶೀತಲಗೃಹದ ಕಂಪ್ರೆಸರು ಹಗಲೂರಾತ್ರಿ ಓಡುವ ಈ ಊರಿಗೆ ಅದು ಸಣ್ಣ ಕೊರತೆ ಅಲ್ಲ.

ಎಂಸಿಬಿ ಇದೆಯಲ್ಲ, ಸಾಲದೇ?

ಹೆಚ್ಚಿನ ಅಂಗಡಿಕಾರರ ಧೈರ್ಯ ಇರೋದು ಎಂಸಿಬಿ ಮೇಲೆ. ಏನಾದ್ರೂ ಆದ್ರೆ ಟ್ರಿಪ್ ಆಗುತ್ತೆ ಬಿಡಿ, ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ. ಅರ್ಧ ನಿಜ. ಎಂಸಿಬಿ ಬೀಳೋದು ಎರಡು ಕಾರಣಕ್ಕೆ: ತಡೆಯುವ ಶಕ್ತಿಗಿಂತ ಹೆಚ್ಚು ಕರೆಂಟ್ ಹರಿದಾಗ, ಇಲ್ಲವೇ ನೇರ ಶಾರ್ಟ್ ಆದಾಗ. ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಬೀಳೋದು ಕರೆಂಟ್ ಭೂಮಿಗೆ ಸೋರಿದಾಗ. ತಿರುಪು ಸಡಿಲಾದ ಜಾಯಿಂಟ್‌ನಲ್ಲಿ ಈ ಮೂರರಲ್ಲಿ ಒಂದೂ ಆಗಲ್ಲ. ಹರಿಯೋ ಕರೆಂಟ್ ಮೊದಲಿನಷ್ಟೇ ಇರುತ್ತೆ, ಸೋರಿಕೆ ಇರಲ್ಲ. ಆ ಒಂದು ಚುಕ್ಕೆಯಷ್ಟು ಜಾಗದಲ್ಲಿ ತಡೆ ಹೆಚ್ಚಾಗಿ ಅಲ್ಲಿ ಮಾತ್ರ ಕಾಯುತ್ತೆ. ಎಂಸಿಬಿ ಪಾಪ ಸುಮ್ಮನೆ ಕೂತಿರುತ್ತೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿ ಇದೆ.

ಲೆಕ್ಕ ಹೈಸ್ಕೂಲಿನದೇ. ಕರೆಂಟಿನ ವರ್ಗವನ್ನ ತಡೆಗೆ ಗುಣಿಸಿದಷ್ಟು ಶಾಖ. ಅಂದ್ರೆ ಕರೆಂಟ್ ಎರಡು ಪಟ್ಟಾದ್ರೆ ಶಾಖ ನಾಲ್ಕು ಪಟ್ಟು. ಚಳಿಗಾಲದಲ್ಲಿ ನಾಲ್ಕು ಟ್ಯೂಬ್‌ಲೈಟು ಉರಿಯುವಾಗ ತೆಪ್ಪಗಿದ್ದ ಜಾಯಿಂಟು, ಏಪ್ರಿಲ್‌ನಲ್ಲಿ ಎಸಿ, ಕೂಲರು, ಎರಡು ಫ್ರಿಜ್ಜು ಹಚ್ಚಿದಾಗ ಯಾಕೆ ಸಿಡಿಯುತ್ತೆ ಅನ್ನೋದಕ್ಕೆ ಉತ್ತರ ಇದೇ. ಇನ್ನೊಂದು ತೊಂದರೆ, ಕಾದ ಲೋಹ ಗಾಳಿಯ ಜೊತೆ ಸೇರಿ ಕಿಲುಬು ಹಿಡಿಯುತ್ತೆ, ಕಿಲುಬು ತಡೆಯನ್ನ ಹೆಚ್ಚಿಸುತ್ತೆ, ತಡೆ ಹೆಚ್ಚಿದ್ರೆ ಮತ್ತೂ ಕಾಯುತ್ತೆ. ಬೆಳಗ್ಗೆ ಕಾದು ಹಿಗ್ಗೋದು, ರಾತ್ರಿ ಬಾಗಿಲು ಹಾಕಿದ ಮೇಲೆ ತಣ್ಣಗಾಗಿ ಕುಗ್ಗೋದು, ಹೀಗೆ ದಿನಾ ನಡೆದು ತಿರುಪು ಇನ್ನಷ್ಟು ಸಡಿಲಾಗುತ್ತೆ. ತಾನಾಗಿ ಸರಿಹೋಗುವ ರೋಗ ಇದಲ್ಲ.

ಅಲ್ಯುಮಿನಿಯಂ ವೈರ್ ಇದ್ದ ಕಡೆ ಈ ಕಾಟ ಇನ್ನೂ ಜಾಸ್ತಿ. ಕಂಬದಿಂದ ಬರುವ ಸರ್ವಿಸ್ ವೈರ್ ಅಲ್ಯುಮಿನಿಯಂ, ಒಳಗಿನ ವೈರಿಂಗ್ ತಾಮ್ರ. ಎರಡನ್ನೂ ಕೈಯಿಂದ ತಿರುಚಿ ಮೇಲೆ ಕಪ್ಪು ಟೇಪ್ ಸುತ್ತಿದ ಜಾಯಿಂಟ್‌ಗಳು ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಎರಡು ಲೋಹಕ್ಕೂ ಒಗ್ಗುವ ಬೈಮೆಟಾಲಿಕ್ ಲಗ್ ಹಾಕಿದ್ರೆ ಈ ತಂಟೆಯೇ ಇರಲ್ಲ. ಅದರ ಬೆಲೆ ಒಂದು ಊಟದ ಖರ್ಚಿಗಿಂತ ಹೆಚ್ಚೇನಲ್ಲ.

ಇದನ್ನ ಹೆದರಿಸಲಿಕ್ಕೆ ಹೇಳ್ತಿರೋದಲ್ಲ. ಹೈದರಾಬಾದಿನ ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಸ್‌ನಲ್ಲಿ 2025ರ ಮೇ 18ರ ಬೆಳಗ್ಗೆ ಬೆಂಕಿ ಬಿದ್ದು ಒಂದೇ ಕುಟುಂಬದ ಬಳಗದ 17 ಮಂದಿ ಸತ್ತರು, ಅದರಲ್ಲಿ 8 ಮಕ್ಕಳು. ಕೆಳಗೆ ಅಂಗಡಿ, ಮೇಲೆ ಮನೆ, ಹತ್ತಿಳಿಯೋಕೆ ಇಕ್ಕಟ್ಟಾದ ಒಂದೇ ದಾರಿ. ಮೇಲ್ನೋಟಕ್ಕೆ ಕಾರಣ ಶಾರ್ಟ್ ಸರ್ಕ್ಯೂಟ್ ಅಂತಲೇ ಅಧಿಕಾರಿಗಳು ಹೇಳಿದ್ದರು. ಆ ಕಟ್ಟಡದ ನಕ್ಷೆಯನ್ನ ಓದಿದವರಿಗೆ ನಮ್ಮ ಜಿಲ್ಲೆಯ ಯಾವ ಪೇಟೆ ಬೀದಿಯೂ ನೆನಪಾಗಬಹುದು. ಬ್ಯಾಡಗಿಯ ಮುಖ್ಯರಸ್ತೆ ಅಗಲೀಕರಣದ ಜಗ್ಗಾಟ ಎಷ್ಟು ವರ್ಷದ್ದು ಅಂತ ಯಾರಿಗೂ ಹೇಳಬೇಕಿಲ್ಲ. ಅಗ್ನಿಶಾಮಕ ವಾಹನ ಎಷ್ಟು ಬೇಗ ಒಳಗೆ ಬರುತ್ತೆ ಅನ್ನೋ ಪ್ರಶ್ನೆಯೂ ಆ ಜಗ್ಗಾಟದ ಒಳಗೇ ಇದೆ.

ಕ್ಯಾಮೆರಾ ನೋಡೋದಾದ್ರೂ ಏನನ್ನ?

ಬಿಸಿ ಇರೋ ಪ್ರತಿಯೊಂದು ವಸ್ತುವೂ ಇನ್‌ಫ್ರಾರೆಡ್ ಕಿರಣ ಬಿಡುತ್ತೆ, ಶಾಲೆ ಪುಸ್ತಕದಲ್ಲಿ ಅವಗೆಂಪು ಅಂತಾರಲ್ಲ ಅದು. ವಿಲಿಯಂ ಹರ್ಷೆಲ್ ಅನ್ನೋ ಖಗೋಳ ವಿಜ್ಞಾನಿ 1800ರಲ್ಲೇ ಇದನ್ನ ಕಂಡುಹಿಡಿದಿದ್ದ. ನಮ್ಮ ಕಣ್ಣಿಗೆ ಅದು ಬೀಳಲ್ಲ. ಥರ್ಮಲ್ ಕ್ಯಾಮೆರಾ ಆ ಕಿರಣವನ್ನ ಹಿಡಿದು, ಎಲ್ಲಿ ಎಷ್ಟು ಬಿಸಿ ಅನ್ನೋದನ್ನ ಬಣ್ಣದ ಚಿತ್ರವಾಗಿ ತೋರಿಸುತ್ತೆ. ಕತ್ತಲಲ್ಲೂ ಕೆಲಸ ಮಾಡುತ್ತೆ, ಮುಟ್ಟೋದೂ ಬೇಕಿಲ್ಲ, ಕರೆಂಟ್ ತೆಗೆಯೋದೂ ಬೇಕಿಲ್ಲ. ನಿಜ ಹೇಳಬೇಕಂದ್ರೆ ಕರೆಂಟ್ ತೆಗೆಯಲೇಬಾರದು; ಲೋಡ್ ಓಡ್ತಾ ಇದ್ದಾಗ ನೋಡಿದ್ರೆ ಮಾತ್ರ ಬಿಸಿ ಸಿಗೋದು. ಸಾಮಾನ್ಯ ಲೋಡಿನ ಶೇ 40ಕ್ಕಿಂತ ಕಡಿಮೆ ಓಡುವಾಗ ಮಾಡಿದ ಸ್ಕ್ಯಾನ್ ನಂಬೋದಕ್ಕೆ ಲಾಯಕ್ಕಲ್ಲ ಅನ್ನೋದು ಈ ಕಸುಬಿನಲ್ಲಿ ಒಪ್ಪಿಕೊಂಡ ಮಾತು. ಭಾನುವಾರ ಗಿರಣಿ ಬಂದ್ ಇದ್ದಾಗ ಬಂದು ಫೋಟೋ ತೆಗೆದು, ಎಲ್ಲ ಸರಿ ಇದೆ ಅಂತ ಸರ್ಟಿಫಿಕೇಟ್ ಕೊಡುವವರು ಬಂದ್ರೆ ಚಹಾ ಕುಡಿಸಿ ಕಳಿಸಬಹುದು.

ಕೋವಿಡ್ ಕಾಲದಲ್ಲಿ ಹಣೆಗೆ ಹಿಡೀತಿದ್ದ ಗನ್ ಇದೇ ತತ್ವದ್ದು. ಹಾಗಂತ ಅದನ್ನ ತಂದು ಮೇನ್ ಬೋರ್ಡಿಗೆ ಹಿಡಿದ್ರೆ ಪ್ರಯೋಜನ ಇಲ್ಲ. ಅದು ಮೈ ಬಿಸಿ ನೋಡಲಿಕ್ಕೆ ಮಾಡಿದ್ದು, ನಲವತ್ತರ ಆಸುಪಾಸು ದಾಟಿದ್ರೆ ಕೈ ಎತ್ತುತ್ತೆ. ಕಾರ್ಖಾನೆಗೆ ಅಂತ ಸಿಗೋ ದೊಡ್ಡ ಗನ್‌ಗಳೂ ಒಂದು ವೃತ್ತದ ಸರಾಸರಿ ಮಾತ್ರ ಹೇಳ್ತವೆ. 12:1 ಅಂತ ಬರೆದಿದ್ದ ಗನ್ ಆದ್ರೆ, 12 ಅಡಿ ದೂರದಿಂದ ಹಿಡಿದಾಗ ಒಂದಡಿ ಅಗಲದ ಜಾಗದ ಸರಾಸರಿ ಬರುತ್ತೆ. ಆ ಒಂದಡಿಯೊಳಗೆ ಕಾಳಿನಷ್ಟು ತಿರುಪು ನೂರು ಡಿಗ್ರಿ ಕಾದಿದ್ರೂ ಸಂಖ್ಯೆಯಲ್ಲಿ ಕಳೆದುಹೋಗುತ್ತೆ. ಕ್ಯಾಮೆರಾ ಹಾಗಲ್ಲ, ಸಾವಿರಾರು ಚುಕ್ಕೆಗಳನ್ನ ಒಟ್ಟಿಗೆ ಅಳೆಯುತ್ತೆ.

ಮೂರು ಫೇಸಿನ ಬೋರ್ಡ್ ಒಂದನ್ನ ಕಲ್ಪಿಸಿಕೊಳ್ಳಿ. ಆರ್ ಫೇಸಿನ ತುದಿ 41 ಡಿಗ್ರಿ, ವೈ 43, ಬಿ 78. ಬಿ ಫೇಸ್ ಸಡಿಲಾಗಿದೆ ಅಂತ ತಕ್ಷಣ ಹೇಳಿಬಿಡಬಹುದಾ? ಇಲ್ಲ. ಮೂರರಲ್ಲೂ ಹರಿಯೋ ಕರೆಂಟ್ ಒಂದೇ ಸಮ ಇದೆಯಾ ಅಂತ ಕ್ಲಾಂಪ್ ಮೀಟರ್ ಹಾಕಿ ನೋಡಬೇಕು. ಯಾರೋ ಎಸಿ, ಫ್ರಿಜ್ಜು ಎಲ್ಲವನ್ನೂ ಬಿ ಮೇಲೇ ಹೇರಿದ್ರೆ ಅದು ಕಾಯೋದು ಸಹಜ, ಆಗ ಮದ್ದು ಲೋಡನ್ನ ಹಂಚೋದು. ಚಿತ್ರದಲ್ಲೇ ಇನ್ನೊಂದು ಗುರುತು ಸಿಗುತ್ತೆ. ವೈರ್ ಉದ್ದಕ್ಕೂ ಒಂದೇ ಸಮ ಕಾದಿದ್ರೆ ಓವರ್‌ಲೋಡು. ತುದಿಯಲ್ಲಿ ಉರಿ, ದೂರ ಹೋದಂತೆ ತಣ್ಣಗಾಗ್ತಾ ಹೋದ್ರೆ ಜಾಯಿಂಟು. ಮೊದಲನೆಯದಕ್ಕೆ ದಪ್ಪ ವೈರ್ ಬೇಕು, ಎರಡನೆಯದಕ್ಕೆ ಒಂದು ಸ್ಕ್ರೂ ಡ್ರೈವರ್ ಸಾಕಾಗಬಹುದು. ರೋಗ ತಿಳಿಯದೆ ಇಡೀ ಅಂಗಡಿ ವೈರಿಂಗ್ ಬದಲಿಸಿದವರೂ ಇದ್ದಾರೆ, ಸ್ಕ್ರೂ ಬಿಗಿದು ಸಮಾಧಾನ ಪಟ್ಟು ಮತ್ತೆ ಸುಟ್ಟುಕೊಂಡವರೂ ಇದ್ದಾರೆ.

ಎಷ್ಟು ಬಿಸಿಯಾದ್ರೆ ಅಪಾಯ ಅನ್ನೋದಕ್ಕೂ ಒಂದು ಅಳತೆ ಇದೆ. ಅಮೆರಿಕದ ವಿದ್ಯುತ್ ಪರೀಕ್ಷಕರ ಸಂಸ್ಥೆ ನೇಟಾ ಹಾಕಿಕೊಟ್ಟ ಪಟ್ಟಿಯನ್ನ ಬಹಳ ಕಡೆ ಬಳಸ್ತಾರೆ. ಒಂದೇ ಥರದ, ಒಂದೇ ಲೋಡಿನ ಎರಡು ಭಾಗಗಳ ನಡುವೆ 1ರಿಂದ 3 ಡಿಗ್ರಿ ವ್ಯತ್ಯಾಸ ಇದ್ರೆ ಕಣ್ಣಿಡಿ. 4ರಿಂದ 15 ಇದ್ರೆ ದೋಷ ಇರೋ ಸಂಭವ ಹೆಚ್ಚು, ರಿಪೇರಿಗೆ ದಿನ ಗೊತ್ತುಮಾಡಿ. 15 ದಾಟಿದ್ರೆ ಕೂಡಲೇ ಸರಿಪಡಿಸಿ. ಮೇಲಿನ ಉದಾಹರಣೆಯಲ್ಲಿ ಲೋಡ್ ಸಮ ಇದ್ದು ವ್ಯತ್ಯಾಸ 35 ಡಿಗ್ರಿ ಬಂದಿದ್ರೆ, ಆ ಬೋರ್ಡನ್ನ ಇಟ್ಟುಕೊಂಡು ರಾತ್ರಿ ಬಾಗಿಲು ಹಾಕಿ ಮನೆಗೆ ಹೋಗುವ ಹಾಗಿಲ್ಲ.

ನ್ಯೂಟ್ರಲ್ ತುದಿಯನ್ನ ಮರೆಯೋರೇ ಹೆಚ್ಚು. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಾದು ಕಳಚಿಕೊಂಡ್ರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ನುಗ್ಗಬಹುದು. ಒಂದೇ ಹೊಡೆತಕ್ಕೆ ಬೀದಿಯ ಟಿವಿ, ಫ್ರಿಜ್ಜು, ಕಂಪ್ಯೂಟರ್ ಹೋಯ್ತು ಅಂತ ಕೇಳ್ತೀವಲ್ಲ, ಬಹುಪಾಲು ಸಲ ಇದರ ಕೆಲಸ. ನ್ಯೂಟ್ರಲ್ ಲಿಂಕ್ ಕಾಯ್ತಿದ್ರೆ ಕ್ಯಾಮೆರಾದಲ್ಲಿ ಕೆಂಡದ ಹಾಗೆ ಕಾಣುತ್ತೆ.

ಗಿರಣಿಯಲ್ಲಿ ಕರೆಂಟಿನದ್ದಷ್ಟೇ ಅಲ್ಲ

ಖಾರದ ಪುಡಿ ಗಿರಣಿಗಳಲ್ಲಿ ನೋಡಬೇಕಾದ್ದು ಬೋರ್ಡ್ ಒಂದೇ ಅಲ್ಲ. ಮೋಟರಿನ ಬೇರಿಂಗ್, ಎಲಿವೇಟರಿನ ಮೇಲ್ತುದಿ, ಪಟ್ಟಾ, ಕಪ್ಲಿಂಗ್ ಎಲ್ಲವೂ ಉಜ್ಜಾಟದಿಂದ ಕಾಯ್ತವೆ. ಗ್ರೀಸ್ ಒಣಗಿದ ಬೇರಿಂಗ್ ಮೊದಲು ಬಿಸಿಯಾಗುತ್ತೆ, ಆಮೇಲೆ ಸದ್ದು ಮಾಡುತ್ತೆ, ಆಮೇಲೆ ಹಿಡಿದುಕೊಳ್ಳುತ್ತೆ. ಸದ್ದು ಕೇಳುವ ಹೊತ್ತಿಗೆ ಬೇರಿಂಗಿನ ಕಥೆ ಮುಗಿದಿರುತ್ತೆ. ಹಳೆಯ ಮಿಸ್ತ್ರಿಗಳು ಕೈ ಇಟ್ಟು ನೋಡಿ ಹೇಳೋದು ಇದನ್ನೇ, ಅವರ ಅಂಗೈ ತಕ್ಕಮಟ್ಟಿಗೆ ಒಳ್ಳೆಯ ಮಾಪಕ. ಕೈ ಹೋಗದ ಎತ್ತರದ ಎಲಿವೇಟರ್ ತಲೆಗೆ, ತಿರುಗುವ ಪಟ್ಟೆಯ ಹಿಂದಿನ ಬೇರಿಂಗಿಗೆ ಮಾತ್ರ ಅಂಗೈ ಉಪಯೋಗ ಇಲ್ಲ.

ಮೋಟರಿಗೆ ಒಂದು ಹಳೆಯ ಸೂತ್ರ ಇದೆ: ತಡೆಯಬಲ್ಲ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿಗೆ ಕಾಯ್ತಾ ಓಡಿದ್ರೆ ವೈಂಡಿಂಗ್‌ನ ಇನ್ಸುಲೇಶನ್ ಆಯುಸ್ಸು ಅರ್ಧಕ್ಕೆ ಇಳಿಯುತ್ತೆ. ಖಾರದ ದೂಳು ಮೋಟರಿನ ಮೈಮೇಲಿನ ಸೀಳುಗಳಲ್ಲಿ ಕೂತು ಗಾಳಿಗೆ ದಾರಿ ಇಲ್ಲದಂತೆ ಮಾಡುವ ಊರಿದು. ರೀವೈಂಡಿಂಗ್ ಅಂಗಡಿಗಳಿಗೆ ಕೆಲಸ ಯಾಕೆ ತಪ್ಪಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ. ದೂಳು ಇನ್ನೊಂದು ರೀತಿಯಲ್ಲೂ ಅಪಾಯ. ಒಣ ಮೆಣಸಿನ ದೂಳು ಕಾದ ಮೈಮೇಲೆ ಪದರ ಪದರವಾಗಿ ಕೂತ್ರೆ ಕಮರುತ್ತೆ, ಹೊಗೆಯಾಡುತ್ತೆ. ತೊಟ್ಟು ಬಿಡಿಸೋಕೆ ಹೆಣ್ಣುಮಕ್ಕಳು ಸಾಲಾಗಿ ಕೂರುವ ಗೋದಾಮುಗಳಲ್ಲಿ ಖಾರದ ಹೊಗೆ ತುಂಬಿದ್ರೆ ಬಾಗಿಲು ಯಾವ ಕಡೆ ಇದೆ ಅಂತ ಕಣ್ಣು ಬಿಟ್ಟು ನೋಡೋದೂ ಕಷ್ಟ. ಚೀಲಗಳ ಒಟ್ಟಲು ಬಾಗಿಲಿಗೆ ಅಡ್ಡ ಇರೋದು, ಮೇನ್ ಸ್ವಿಚ್ಚಿಗೆ ಚೀಲ ಆನಿಸಿ ಇಡೋದು ಇವಕ್ಕೆಲ್ಲ ಯಾವ ಕ್ಯಾಮೆರಾವೂ ಬೇಕಿಲ್ಲ. ಮಾಲೀಕರು ಒಮ್ಮೆ ಒಳಗೆ ತಿರುಗಾಡಿದ್ರೆ ಸಾಕು.

ಶೀತಲಗೃಹ: ಹೊರಗೆ ಕಾಣುವ ತಂಪು ಒಳಗಿನ ನಷ್ಟ

ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಇರೋದು ಅದರ ಬಣ್ಣದಲ್ಲಿ. ಖಾರ ಕಡಿಮೆ, ಕೆಂಪು ಹೆಚ್ಚು; ಓಲಿಯೋರೆಸಿನ್ ತೆಗೆಯುವ ಕಂಪನಿಗಳು ಬರೋದೂ ಅದಕ್ಕೇ. ಬಿಸಿಲಿಗೆ, ಸೆಕೆಗೆ ಬಿಟ್ರೆ ಬಣ್ಣ ಇಳಿಯುತ್ತೆ. ಹಾಗಾಗಿಯೇ ಊರ ಸುತ್ತ ಇಷ್ಟೊಂದು ಶೀತಲಗೃಹಗಳು. ದರ ಇಲ್ಲದಾಗ ರೈತ ಮಾಲು ಇಟ್ಟು ಕಾಯೋದಕ್ಕೂ ಅದೇ ಆಸರೆ.

ಹೊರಗೆ 38 ಡಿಗ್ರಿ, ಒಳಗೆ ಹತ್ತಕ್ಕಿಂತ ಕೆಳಗೆ. ಈ ಎರಡರ ನಡುವೆ ನಿಂತಿರೋದು ಗೋಡೆಯ ಪಫ್ ಪ್ಯಾನೆಲ್ ಅಥವಾ ಥರ್ಮೋಕೋಲ್ ಪದರ. ಪ್ಯಾನೆಲ್‌ಗಳ ಜೋಡಣೆಯಲ್ಲಿ ಸಂದು ಬಿಟ್ಟಿದ್ರೆ, ಒಳಗಿನ ಪದರ ನೀರು ಕುಡಿದು ನೆನೆದಿದ್ರೆ, ಬಾಗಿಲಿನ ರಬ್ಬರ್ ಸವೆದಿದ್ರೆ ಅಲ್ಲಿಂದ ತಂಪು ಸೋರುತ್ತೆ. ಥರ್ಮಲ್ ಕ್ಯಾಮೆರಾ ಹಿಡಿದು ಸುತ್ತ ಒಂದು ಸುತ್ತು ಹಾಕಿದ್ರೆ ಹೊರಗೋಡೆಯಲ್ಲಿ ಆ ಜಾಗ ಮಾತ್ರ ನೀಲಿ ಗೆರೆಯಾಗಿ ಕಾಣುತ್ತೆ. ಒಳಗಿನಿಂದ ನೋಡಿದ್ರೆ ಅದೇ ಜಾಗ ಬೆಚ್ಚಗೆ. ಗೋಡೆ ಮೇಲೆ ಬಿಸಿಲು ನೇರವಾಗಿ ಬೀಳುವ ಮಧ್ಯಾಹ್ನ ಹೊರಗಿನಿಂದ ನೋಡಬಾರದು, ಎಲ್ಲವೂ ಕಾದಿರೋದ್ರಿಂದ ಏನೂ ಗೊತ್ತಾಗಲ್ಲ. ಬೆಳಗಿನ ಜಾವ ಇಲ್ಲವೇ ಹೊತ್ತು ಮುಳುಗಿದ ಎಷ್ಟೋ ತಾಸಿನ ಮೇಲೆ ನೋಡೋದು ಒಳ್ಳೆಯದು.

ಸಂದಿನ ನಷ್ಟ ಕರೆಂಟ್ ಬಿಲ್‌ನಲ್ಲಿ ಬರುತ್ತೆ, ಅದು ಮಾಲೀಕರ ಜೇಬಿನದು. ಅದಕ್ಕಿಂತ ದೊಡ್ಡದು ರೈತರ ಪಾಲಿನದು. ಬೆಚ್ಚಗಿನ ಗಾಳಿ ಒಳಗೆ ನುಗ್ಗಿದ ಕಡೆ ತೇವ ಕಟ್ಟುತ್ತೆ. ಆ ಮೂಲೆಯ ಚೀಲಗಳಿಗೆ ಬೂಷ್ಟು ಹತ್ತುತ್ತೆ. ಮೆಣಸಿನಕಾಯಿಗೆ ಬೂಷ್ಟು ಅಂದ್ರೆ ಅಫ್ಲಾಟಾಕ್ಸಿನ್ ಭಯ, ಅಫ್ಲಾಟಾಕ್ಸಿನ್ ಮಿತಿ ಮೀರಿದ್ರೆ ರಫ್ತಿನ ಮಾಲು ವಾಪಸ್. ಹತ್ತಾರು ಸಾವಿರ ಚೀಲಗಳಲ್ಲಿ ಯಾವ ಮೂಲೆಯ ನೂರು ಚೀಲ ಕೆಟ್ಟಿವೆ ಅನ್ನೋದು ತೆಗೆಯುವ ದಿನ ತನಕ ಗೊತ್ತಾಗಲ್ಲ.

ಇಲ್ಲಿ ವಿಮೆಯ ಮಾತು ಬರುತ್ತೆ, ಮತ್ತು ಇದನ್ನ ಓದುವವರು ಸ್ವಲ್ಪ ನಿಧಾನ ಓದಬೇಕು. 2021ರ ಏಪ್ರಿಲ್‌ನಿಂದ ಸಣ್ಣ ವ್ಯಾಪಾರಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಇದೆ, 5 ಕೋಟಿ ರೂಪಾಯಿ ಮೌಲ್ಯದ ತನಕ. ಅದರ ಮೇಲೆ 50 ಕೋಟಿ ತನಕ ‘ಭಾರತ್ ಲಘು ಉದ್ಯಮ ಸುರಕ್ಷಾ’. ಬೆಂಕಿ ಇದರಲ್ಲಿ ಸೇರಿದೆ. ಆದ್ರೆ ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್, ತಾನೇ ಕಾಯೋದು ಇತ್ಯಾದಿ ಕಾರಣಕ್ಕೆ ಕೆಟ್ಟ ಅದೇ ಯಂತ್ರಕ್ಕೆ, ಅದೇ ಬೋರ್ಡಿಗೆ ಪರಿಹಾರ ಇಲ್ಲ. ಅಲ್ಲಿಂದ ಬೆಂಕಿ ಹರಡಿ ಪಕ್ಕದ ಮಾಲು ಸುಟ್ರೆ ಅದಕ್ಕೆ ಉಂಟು. ಇನ್ನೊಂದು ಕಲಮು ಶೀತಲಗೃಹಕ್ಕೆ ನೇರ ಸಂಬಂಧಿಸಿದ್ದು: ಉಷ್ಣತೆ ಬದಲಾಗಿ ಮಾಲು ಕೆಟ್ರೆ ಬೆಂಕಿ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣ ಬರಲ್ಲ. ಅದಕ್ಕೆ ಬೇರೆ ಕವರ್ ತಗೊಂಡಿರಬೇಕು. ಅಂದ್ರೆ ಕಂಪ್ರೆಸರಿನ ಪ್ಯಾನೆಲ್ ಸುಟ್ಟು, ಬೆಂಕಿ ಎಲ್ಲೂ ಹರಡದೆ, ನಾಲ್ಕು ದಿನ ತಂಪು ಇಲ್ಲದೆ ಮಾಲು ಹಾಳಾಯ್ತು ಅಂತಿಟ್ಟುಕೊಳ್ಳಿ. ಸುಟ್ಟ ಪ್ಯಾನೆಲ್‌ಗೂ ಇಲ್ಲ, ಕೆಟ್ಟ ಮೆಣಸಿನಕಾಯಿಗೂ ಇಲ್ಲ.

ಆ ಮೆಣಸಿನಕಾಯಿ ಶೀತಲಗೃಹದ ಮಾಲೀಕರದ್ದೂ ಅಲ್ಲ, ರೈತರದ್ದು, ವರ್ತಕರದ್ದು. ಎಷ್ಟೋ ಸಲ ಅದರ ಮೇಲೆ ಬ್ಯಾಂಕಿನ ಸಾಲ ಕೂಡ ಇರುತ್ತೆ. ಬಾಂಡ್ ತಗೊಳ್ಳುವಾಗ ಬಾಡಿಗೆ ಎಷ್ಟು ಅಂತ ಕೇಳುವಷ್ಟೇ ಜೋರಾಗಿ, ಬೇರೆಯವರ ಮಾಲಿಗೂ ನಿಮ್ಮ ವಿಮೆ ಅನ್ವಯ ಆಗುತ್ತಾ, ಉಷ್ಣತೆ ಏರಿದ್ರೆ ಹೊಣೆ ಯಾರದ್ದು, ಬೋರ್ಡ್ ಕೊನೆಗೆ ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ ಕೇಳೋ ಹಕ್ಕು ಮಾಲು ಇಟ್ಟವರಿಗಿದೆ. ಕೇಳೋರು ಕಡಿಮೆ ಅಷ್ಟೇ. ಚೆನ್ನಾಗಿ ನಡೆಸುವ ಮಾಲೀಕರಿಗೆ ಇದರಿಂದ ಬೇಜಾರೇನೂ ಆಗಬೇಕಿಲ್ಲ, ತೋರಿಸೋಕೆ ಒಂದು ವರದಿ ಇದ್ರೆ ಅದೇ ಅವರಿಗೆ ಜಾಹೀರಾತು.

ಕೆಂಪು ಕಂಡ್ರೆ ಬೆಚ್ಚಿ ಬೀಳಬೇಡಿ

ಹೊಸ ಉಪಕರಣ ಬಂದ ಕಡೆ ಹೊಸ ಮೋಸವೂ ಬರುತ್ತೆ. ಥರ್ಮಲ್ ಚಿತ್ರದ ಬಣ್ಣ ಹೊಂದಿಸಿಕೊಂಡಂತೆ ಬದಲಾಗುತ್ತೆ. ಚಿತ್ರದೊಳಗಿನ ಅತಿ ಬಿಸಿ ಜಾಗಕ್ಕೆ ಕ್ಯಾಮೆರಾ ತಾನಾಗಿ ಕೆಂಪು ಅಥವಾ ಬಿಳಿ ಹಚ್ಚುತ್ತೆ, ಅದು 34 ಡಿಗ್ರಿ ಇದ್ರೂ ಸರಿ. ಅಳತೆಪಟ್ಟಿಯನ್ನ 30ರಿಂದ 34ಕ್ಕೆ ಇಟ್ರೆ ನಿಮ್ಮ ಅಂಗೈಯೂ ಕೆಂಡದ ಹಾಗೆ ಕಾಣುತ್ತೆ. ಚಿತ್ರ ತೋರಿಸಿ, ಸಾರ್ ನೋಡಿ ನಿಮ್ಮ ಬೋರ್ಡ್ ಉರೀತಿದೆ, ಹೊಸದು ಹಾಕಿಸಿ, ಅನ್ನೋರ ಮುಂದೆ ಬಣ್ಣ ಬಿಟ್ಟು ಪಕ್ಕದ ಸಂಖ್ಯೆ ಓದಬೇಕು. ಸ್ಕ್ಯಾನ್ ಮಾಡುವವರೇ ಬೋರ್ಡ್ ಮಾರುವವರೂ ಆಗಿದ್ರೆ ಎರಡು ಸಲ ಓದಬೇಕು.

ಉಲ್ಟಾ ತಪ್ಪೂ ಆಗುತ್ತೆ, ಅದು ಇನ್ನೂ ಅಪಾಯಕಾರಿ. ಹೊಳೆಯುವ ತಾಮ್ರ, ಅಲ್ಯುಮಿನಿಯಂ ಪಟ್ಟಿಗಳು ತಮ್ಮ ಬಿಸಿಯನ್ನ ಸರಿಯಾಗಿ ಹೊರಬಿಡಲ್ಲ, ಕನ್ನಡಿಯ ಹಾಗೆ ಸುತ್ತಲಿನದನ್ನ ತೋರಿಸ್ತವೆ. ನಿಜಕ್ಕೂ 90 ಡಿಗ್ರಿ ಇರೋ ಪಟ್ಟಿ ಕ್ಯಾಮೆರಾದಲ್ಲಿ 40 ಅಂತ ಕಾಣಬಹುದು. ಬಲ್ಲವರು ಪಟ್ಟಿಯ ಪಕ್ಕದ ವೈರಿನ ಪ್ಲಾಸ್ಟಿಕ್ ಮೇಲೆ ಅಳೀತಾರೆ, ಇಲ್ಲವೇ ಕರೆಂಟ್ ತೆಗೆದಾಗ ಪಟ್ಟಿಗೆ ಒಂದು ಚೂರು ಇನ್ಸುಲೇಶನ್ ಟೇಪ್ ಅಂಟಿಸಿಟ್ಟು, ಮತ್ತೆ ಲೋಡ್ ಓಡಿಸಿ, ಅದರ ಮೇಲೆ ಅಳೀತಾರೆ. ಗಾಜಿನ, ಅಕ್ರಿಲಿಕ್‌ನ ಮುಚ್ಚಳದ ಮೂಲಕವೂ ಈ ಕ್ಯಾಮೆರಾ ನೋಡಲಾರದು, ನಮ್ಮ ಕಣ್ಣಿಗೆ ಪಾರದರ್ಶಕ ಇದ್ರೂ ಅದಕ್ಕೆ ಅದು ಗೋಡೆ. ಬೋರ್ಡಿನ ಬಾಗಿಲು ತೆಗೆಯದೆ ದೂರದಿಂದ ಕ್ಲಿಕ್ಕಿಸಿ ಹೋದವರು ಬಾಗಿಲಿನ ಫೋಟೋ ತೆಗೆದು ಹೋದ ಹಾಗೆ. ಹಾಗಂತ ಅಂಗಡಿಯವರೇ ಮುಚ್ಚಳ ಬಿಚ್ಚೋಕೆ ಹೋಗಬಾರದು. ಕರೆಂಟ್ ಹರಿಯುತ್ತಿರುವ ಬೋರ್ಡನ್ನ ತೆಗೆಯೋದು ಪರವಾನಗಿ ಇದ್ದವರ ಕೆಲಸ. ಸ್ಕ್ರೂ ಡ್ರೈವರ್ ಜಾರಿ ಎರಡು ಫೇಸ್ ಮುಟ್ಟಿದ್ರೆ ಮುಖ ಸುಡೋದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ.

ಮನೆಗಳ ಸೋರಿಕೆ ಹುಡುಕೋಕೂ ಈ ಕ್ಯಾಮೆರಾ ಬಳಸ್ತಾರೆ. ಆರ್‌ಸಿಸಿ ಮೇಲೆ ನೀರು ಎಲ್ಲಿ ಇಳಿದಿದೆ ಅಂತ ತಿಳಿಯೋಕೆ ಸಂಜೆ ನೋಡಿದ್ರೆ, ನೆನೆದ ಜಾಗ ಹಗಲಿನ ಕಾವು ಹಿಡಿದಿಟ್ಟುಕೊಂಡು ಉಳಿದ ಕಡೆಗಿಂತ ಬೆಚ್ಚಗೆ ಕಾಣುತ್ತೆ. ಒಳಗೋಡೆಯಲ್ಲಿ ತೇವ ಆರುವ ಜಾಗ ತಣ್ಣಗೆ. ಆದ್ರೆ ಕ್ಯಾಮೆರಾ ನೀರನ್ನ ನೋಡಲ್ಲ, ಬಿಸಿಯ ವ್ಯತ್ಯಾಸ ಮಾತ್ರ ನೋಡುತ್ತೆ. ತೇವದ ಮೀಟರ್ ಒತ್ತಿ ಖಚಿತ ಮಾಡಿಕೊಳ್ಳದೆ ಟೈಲ್ಸ್ ಒಡೆಸಬಾರದು. ಮನೆ ಮೇಲಿನ ಸೋಲಾರ್ ಪ್ಯಾನೆಲ್‌ಗೂ ಇದೇ ಮಾತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದವರು, ತೆಂಗಿನ ಗರಿಯ ನೆರಳು ದಿನಾ ಒಂದೇ ಮೂಲೆಗೆ ಬೀಳ್ತಿದ್ರೆ ಆ ಮೂಲೆಯ ಸೆಲ್ ಉಳಿದವಕ್ಕಿಂತ ಹೆಚ್ಚು ಕಾದು ಕೆಡುತ್ತೆ ಅನ್ನೋದನ್ನ ತಿಳಿದಿರಲಿ.

ಯಾರ ಹೊಣೆ, ಯಾರ ಖರ್ಚು?

ಮೀಟರ್ ತನಕ ಹೆಸ್ಕಾಂ, ಮೀಟರ್ ಆದ ಮೇಲೆ ಗ್ರಾಹಕ. ಈ ಗೆರೆ ಸ್ಪಷ್ಟ ಇದೆ. ಬೀದಿಯ ಟಿಸಿಯಲ್ಲಿ ರಾತ್ರಿ ಕಿಡಿ ಕಾಣಿಸಿದ್ರೆ, ಫ್ಯೂಸ್ ಕೆಂಪಗೆ ಹೊಳೆದ್ರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬೋರ್ಡಿನ ಒಳಗಿನದ್ದು ಅಂಗಡಿಯವರದೇ ತಲೆನೋವು. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಅಂತ ಒಂದು ಇಲಾಖೆ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಇವೆ. ದೊಡ್ಡ ಸಂಪರ್ಕಗಳು ಇದರ ಕೆಳಗೆ ತಪಾಸಣೆಗೆ ಒಳಪಡ್ತವೆ. ಬೀದಿಬದಿಯ ಬಟ್ಟೆ ಅಂಗಡಿಗೆ ವರ್ಷಕ್ಕೊಮ್ಮೆ ಥರ್ಮಲ್ ಸ್ಕ್ಯಾನ್ ಕಡ್ಡಾಯ ಅಂತ ಯಾರೂ ಹೇಳಿಲ್ಲ. ಅಮೆರಿಕದಲ್ಲಿ ಎನ್‌ಎಫ್‌ಪಿಎ 70ಬಿ ಅನ್ನೋ ಮಾನದಂಡ 2023ರಲ್ಲಿ ಸಲಹೆಯಿಂದ ನಿಯಮದ ರೂಪಕ್ಕೆ ಬಂತು. ವಿದ್ಯುತ್ ಉಪಕರಣಗಳ ಥರ್ಮಲ್ ತಪಾಸಣೆ ಕನಿಷ್ಠ 12 ತಿಂಗಳಿಗೊಮ್ಮೆ ಆಗಬೇಕು ಅನ್ನುತ್ತೆ. ಅಷ್ಟು ದೂರದ್ದನ್ನ ಇಲ್ಲಿಗೆ ತಂದು ಹೇರಬೇಕು ಅಂತಲ್ಲ. ಸಣ್ಣ ಅಂಗಡಿಗಳ ಮೇಲೆ ಇನ್ನೊಂದು ಸರ್ಟಿಫಿಕೇಟ್ ಕಡ್ಡಾಯ ಮಾಡಿದ್ರೆ ಏನಾಗುತ್ತೆ ಅಂತ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು: ಸರ್ಟಿಫಿಕೇಟ್ ಸಿಗುತ್ತೆ, ಸ್ಕ್ಯಾನ್ ಆಗಲ್ಲ.

ಕೂಡಿ ಮಾಡೋದು ಮಾತ್ರ ಕಷ್ಟದ್ದಲ್ಲ. ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾಗಳು ಇಪ್ಪತ್ತು, ಮೂವತ್ತು ಸಾವಿರದ ಆಸುಪಾಸು ಬಂದಿವೆ, ಕೈಯಲ್ಲಿ ಹಿಡಿಯುವ ಒಳ್ಳೆಯವು ಲಕ್ಷ ದಾಟ್ತವೆ. ನಡುವಿನದೊಂದು 60 ಸಾವಿರಕ್ಕೆ ಬಂತು ಅಂತಿಟ್ಟುಕೊಂಡು 40 ಅಂಗಡಿಯವರು ಹಂಚಿಕೊಂಡ್ರೆ ತಲಾ 1,500 ರೂಪಾಯಿ. ವರ್ತಕರ ಸಂಘಗಳು ಹಬ್ಬಕ್ಕೆ, ಸನ್ಮಾನಕ್ಕೆ ಇದಕ್ಕಿಂತ ಹೆಚ್ಚು ಎತ್ತುತ್ತವೆ. ಕೊಳ್ಳುವಾಗ ಒಂದೇ ಮಾತು ನೆನಪಿರಲಿ. ಚುಕ್ಕೆಗಳ ಲೆಕ್ಕ 80x60 ಇದ್ದದ್ದು ದೂರದ ಸಣ್ಣ ತಿರುಪು ತೋರಿಸಲಾರದು, 160x120 ಆದ್ರೂ ಇರಬೇಕು, ಗಿರಣಿ, ಶೀತಲಗೃಹಕ್ಕೆ 320x240 ಇದ್ರೆ ಒಳ್ಳೆಯದು.

ಕ್ಯಾಮೆರಾಗಿಂತ ಕಷ್ಟದ್ದು ಅದನ್ನ ಓದುವ ಮನುಷ್ಯ. ಇದಕ್ಕೆ ಐಎಸ್‌ಒ 18436-7 ಅನ್ನೋ ಅಂತಾರಾಷ್ಟ್ರೀಯ ಮಾನದಂಡದಡಿ ಹಂತ ಹಂತದ ತರಬೇತಿ, ಪ್ರಮಾಣಪತ್ರ ಇದೆ. ಅಷ್ಟು ಓದಿದವರು ಹುಬ್ಬಳ್ಳಿ, ಬೆಂಗಳೂರಿನಿಂದ ಬರಬೇಕು, ದಿನದ ಶುಲ್ಕ ದೊಡ್ಡದಿರುತ್ತೆ. ಶೀತಲಗೃಹಗಳಿಗೆ, ದೊಡ್ಡ ಗಿರಣಿಗಳಿಗೆ ಅವರೇ ಬೇಕು. ನಾಲ್ಕೈದು ಕಡೆಯವರು ಒಂದೇ ದಿನ ಕರೆಸಿದ್ರೆ ಬಸ್ ಚಾರ್ಜಾದ್ರೂ ಉಳಿಯುತ್ತೆ. ಮೇನ್ ಸ್ವಿಚ್, ಎಂಟು ಎಂಸಿಬಿ ಇರೋ ಕಿರಾಣಿ ಅಂಗಡಿಗೆ ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಪರವಾನಗಿ ಇರೋ ಊರಿನ ಹುಡುಗ ಸಾಕು, ಕ್ಲಾಂಪ್ ಮೀಟರ್ ಜೊತೆಗಿದ್ರೆ. ಅವನಿಗೊಂದು ಹೊಸ ಕಸುಬೂ ಆಯ್ತು.

ಮಾಡಿಸಬೇಕಾದ ಹೊತ್ತು ಬೇಸಿಗೆಯ ಲೋಡ್ ಏರಿದ ಮೇಲಿನ ಒಂದು ಸಂಜೆ, ಅಂಗಡಿ ಬೀದಿಯ ದೀಪ, ಎಸಿ, ಫ್ರಿಜ್ಜು ಎಲ್ಲ ಒಟ್ಟಿಗೆ ಓಡುವ ಏಳರಿಂದ ಒಂಬತ್ತು. ಕಂಡದ್ದನ್ನ ದಿನಾಂಕ, ಕರೆಂಟು, ಡಿಗ್ರಿ ಸಮೇತ ಬರೆದಿಡಬೇಕು, ತಿರುಪು ಬಿಗಿದ ಮೇಲೆ ಅದೇ ಲೋಡಿನಲ್ಲಿ ಇನ್ನೊಂದು ಚಿತ್ರ ತೆಗೆದು ಪಕ್ಕಕ್ಕೆ ಅಂಟಿಸಬೇಕು. ಬಿಸಿ ಇಳಿದಿಲ್ಲ ಅಂದ್ರೆ ತಿರುಪಿನದಲ್ಲ, ಒಳಗಿನ ಸಂಪರ್ಕವೇ ಸುಟ್ಟಿದೆ, ಸ್ವಿಚ್ ಬದಲಿಸಬೇಕು. ಆ ಎರಡು ಚಿತ್ರದ ಹಾಳೆ ವಿಮೆ ಪಾಲಿಸಿಯ ಕವರಿನೊಳಗೇ ಇರಲಿ. ಕವರ್ ಮಾತ್ರ ಅಂಗಡಿಯ ಗಲ್ಲಾದಲ್ಲಿ ಇಡಬೇಡಿ, ಮನೆಯಲ್ಲಿಡಿ.